ಬೆಂಕಿ ತಿಂದ ಕಲ್ಲು

"ಆಸ್ತಿ ಏನಿದೆ?" ಎಂದು ಪೌಲಿಯಾಸಿ ಕೇಳಿದ.

"ಕಲ್ಲು," ಎಂದಳು ತಿಮಾಲೆತಿ.

ದ್ವೀಪದೇಶದ ಸಿಂಗಟೋಕಾ ಪೇಟೆಯಲ್ಲಿ ಮಹಿಳಾ ಉದ್ಯಮ ನಿಧಿಯ ಕಚೇರಿ. ಪೌಲಿಯಾಸಿ ಅಲ್ಲಿ ಸಾಲ ಕೊಡುವ ಅಧಿಕಾರಿ. ಮೇಲೆ ಟೈ, ಕೆಳಗೆ ಪಂಚೆಯ ಹಾಗೆ ಸುತ್ತಿದ, ಇಸ್ತ್ರಿ ಮಾಡಿದ ಸುಲು, ಕಾಲಿಗೆ ಮಿರುಗುವ ಚಪ್ಪಲಿ. ಅವನು ಪೆನ್ನು ಕೆಳಗಿಟ್ಟು ಎದುರಿಗೆ ಕೂತ ಹೆಂಗಸನ್ನು ನೋಡಿದ. ಭಾರೀ ಆಳು. ಕಿವಿಯ ಹಿಂದೆ ಹೂವು. ಎರಡೂ ಅಂಗೈ ಸುಟ್ಟು ಸುಟ್ಟು ಹಳೇ ಚರ್ಮದ ಹಾಗೆ ಗಟ್ಟಿಯಾಗಿದ್ದವು.

"ಕಲ್ಲು ಅಂದ್ರೆ? ಚಿನ್ನದ ಅದಿರಾ?"

"ಒಲೆ ಕಲ್ಲು ಕಣಪ್ಪ. ಲೋವೋ ಗುಂಡಿಗೆ ಹಾಕೋದು. ಒಂದೊಂದೂ ಎಳೇ ಮಗೂನ ತಲೆ ಗಾತ್ರ ಇದಾವೆ."

ಪಕ್ಕದ ಮೇಜಿನವರು ಬಾಯಿಗೆ ಕೈ ಅಡ್ಡ ಹಿಡಿದರು. ನಗು ಬೆರಳ ಸಂದಿಯಿಂದ ಸೋರಿತು.

"ಜಮೀನು?"

"ಇಲ್ಲ."

"ಮನೆ?"

"ಮನೆ ನಮ್ದೇ. ಕೆಳಗಿನ ನೆಲ ನಮ್ದಲ್ಲ."

"ವಾಹನ?"

"ಕಾಲು," ಎಂದಳು ಹಿಂದೆ ಕೂತಿದ್ದ ಉನೈಸಿ. ಅವಳು ತಿಮಾಲೆತಿಯ ನಾದಿನಿ. ಕಡ್ಡಿಯಂಥ ಮೈ, ಕೊಡಲಿಯಂಥ ಬಾಯಿ. "ಒಬ್ಬೊಬ್ರಿಗೆ ಎರಡೆರಡು. ಮೂರು ಜನ ಸೇರಿದ್ರೆ ಲಾರಿಗೆ ಏನೂ ಕಮ್ಮಿ ಇಲ್ಲ."

ಮೂರನೆಯವಳು ರಾಮರಾಜಿ. ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಅವಳ ಗಂಡ ಇನ್ನೊಬ್ಬರ ನೆಲದಲ್ಲಿ ಕಬ್ಬು ಬೆಳೆದಿದ್ದ. ಗೇಣಿಯ ಅವಧಿ ಮುಗಿಯಿತು, ಹೊಲ ಹೋಯಿತು, ಬೇರೆಯವರ ಕಬ್ಬು ಕಡಿಯುತ್ತ ಗಂಡನೂ ತೀರಿಹೋದ. ಈಗ ಹೊಳೆಯಾಚೆ ಕಬ್ಬಿನ ರೈಲಿನ ಹಳಿ ಪಕ್ಕ, ತಗಡಿನ ಮನೆಗಳ ಸಾಲಿನಲ್ಲಿ ಇವರು ಮೂವರೂ ಒಬ್ಬರ ಗೋಡೆಗೆ ಒಬ್ಬರು ಅಂಟಿಕೊಂಡು ಬದುಕುತ್ತಿದ್ದರು. ರಾಮರಾಜಿಯ ರೊಟ್ಟಿ ಆ ಸಾಲಿನಲ್ಲೆಲ್ಲ ಹೆಸರುವಾಸಿ.

ಅಡುಗೆ ಗುತ್ತಿಗೆ ಶುರು ಮಾಡಬೇಕು ಅನ್ನುವುದು ಮೂವರ ಲೆಕ್ಕ. ಮದುವೆ, ಚರ್ಚಿನ ಸಮಾರಂಭ, ಕಬ್ಬು ಕಡಿಯುವ ಗ್ಯಾಂಗು, ಯಾರು ಕರೆದರೂ ಸರಿ. ನೆಲದ ಒಲೆಯ ಮಾಂಸ, ಗೆಡ್ಡೆ, ಅದರ ಜೊತೆಗೆ ರಾಮರಾಜಿಯ ರೊಟ್ಟಿ, ಬೇಳೆ. ಎರಡು ಬಗೆಯ ಅಡುಗೆಯೂ ಒಂದೇ ತಟ್ಟೆಯಲ್ಲಿ. ಅದಕ್ಕೆ ದೊಡ್ಡ ಪಾತ್ರೆ ಬೇಕು, ಪುರಸಭೆಯ ಪರವಾನಗಿ ಬೇಕು, ಒಂದು ಹಳೇ ವ್ಯಾನು ಬೇಕು. ಅದಕ್ಕೇ ಈ ಸಾಲ.

ಪೌಲಿಯಾಸಿ ಕೆಟ್ಟವನಲ್ಲ. ನಗು ಬಂದಿತ್ತು, ನುಂಗಿಕೊಂಡ. "ಶನಿವಾರ ಮಧ್ಯಾಹ್ನ ನಮ್ಮ ಸಮಿತಿ ಬರುತ್ತೆ," ಎಂದ. "ಅಡುಗೆ ಮಾಡೋ ಜಾಗ ತೋರಿಸಿ. ಊಟ ತೋರಿಸಿ. ಆ ಕಲ್ಲನ್ನೂ ತೋರಿಸಿ. ಎಲ್ಲ ಸರಿ ಇದ್ರೆ ಮುಂದಿನ ಮಾತು."

ಹೊರಗೆ ಬಂದ ಮೇಲೆ ರಾಮರಾಜಿ ಬಾಯಿ ಬಿಟ್ಟಳು. "ಕಲ್ಲು ಎಲ್ಲಿದಾವೆ ಅಂತ ಯಾಕೆ ಹೇಳಲಿಲ್ಲ ತಿಮಾ?"

"ಅವನು ಕೇಳಲಿಲ್ಲ."

"ಶನಿವಾರ ಕೇಳ್ತಾನಲ್ಲ."

"ಶನಿವಾರದ ಹೊತ್ತಿಗೆ ನಮ್ಮನೇಲಿ ಇರ್ತಾವೆ ಬಿಡು," ಎಂದಳು ತಿಮಾಲೆತಿ. ಕಲ್ಲುಗಳು ಹೋಟೆಲಿನಲ್ಲಿದ್ದವು.

ಸಮುದ್ರದಂಡೆಯ ಆ ದೊಡ್ಡ ಹೋಟೆಲಿನಲ್ಲಿ ಪ್ರತಿ ಶುಕ್ರವಾರ ಲೋವೋ ಔತಣ. ನೆಲದಲ್ಲಿ ಗುಂಡಿ, ಗುಂಡಿಯಲ್ಲಿ ಬೆಂಕಿ, ಬೆಂಕಿಯ ಮೇಲೆ ಕಲ್ಲಿನ ರಾಶಿ. ಕಲ್ಲು ಕೆಂಡಕ್ಕಿಂತ ಬಿಸಿಯಾದ ಮೇಲೆ ಎಲೆಯಲ್ಲಿ ಸುತ್ತಿದ ಹಂದಿ, ಮೀನು, ಕೆಸುವಿನ ಗೆಡ್ಡೆ, ಮರಗೆಣಸು. ಅದರ ಮೇಲೆ ಬಾಳೆ ಎಲೆ, ಒದ್ದೆ ಗೋಣಿ, ಮಣ್ಣು. ಸಂಜೆ ಮಣ್ಣು ಸರಿಸುವಾಗ ಪ್ರವಾಸಿಗಳು ಸುತ್ತ ನಿಂತು ಫೋಟೋ ತೆಗೆಯುತ್ತಿದ್ದರು. ಆ ಫೋಟೋಗೆ ಮಾತ್ರ ಮೈಗೆ ಎಣ್ಣೆ ಹಚ್ಚಿಕೊಂಡ ಗಂಡಸರು ಬರುತ್ತಿದ್ದರು. ಗುಂಡಿ ತೋಡಿದವರು, ಸೌದೆ ಹೊತ್ತವರು, ಹಂದಿಯ ಕೂದಲು ಹೆರೆದವರು, ಭುಜ ಬಿದ್ದುಹೋಗುವ ತನಕ ತೆಂಗಿನಕಾಯಿ ತುರಿದು ಹಾಲು ಹಿಂಡಿದವರು, ಅವರೆಲ್ಲ ಹೆಂಗಸರು. ಅವರು ಕ್ರೋಟನ್ ಗಿಡದ ಬೇಲಿಯ ಹಿಂದೆ ಇರಬೇಕು. ಅತಿಥಿಗಳ ಕಣ್ಣಿಗೆ ಬೀಳಬಾರದು. ಬೆವರು ನೋಡಿದರೆ ಅವರಿಗೆ ಊಟ ಸೇರುವುದಿಲ್ಲವಂತೆ.

ತಿಮಾಲೆತಿಗೆ ಹುಬ್ಬಿನ ಕೂದಲು ಅಲ್ಲೇ ಉದುರಿದ್ದು. ಅಂಗೈ ಅಲ್ಲೇ ಸುಟ್ಟದ್ದು. ಕೂಲಿ ಶುಕ್ರವಾರದ ಲೆಕ್ಕ. ಚಂಡಮಾರುತ ಬಂದು ಅತಿಥಿಗಳು ಬರದಿದ್ದರೆ ಕೂಲಿಯೂ ಇಲ್ಲ. ಕೂರಲು ಕುರ್ಚಿ ಇಲ್ಲ, ಹೊಗೆ ತುಂಬಿದ ಕಣ್ಣು ತೊಳೆಯಲು ನಲ್ಲಿಯಿಲ್ಲ. ನಲ್ಲಿ ಈಜುಕೊಳದ ಹತ್ತಿರ ಇತ್ತು, ಅಲ್ಲಿಗೆ ಹೋಗುವಂತಿಲ್ಲ.

ಕಲ್ಲು ಮಾತ್ರ ಹೋಟೆಲಿನದಲ್ಲ. ಇಲ್ಲಿಯ ಹೊಳೆಕಲ್ಲು ಬೆಂಕಿಗೆ ಬಾಳುವುದಿಲ್ಲ ಅನ್ನುವುದು ದಂಡೆಯ ಮೇಲೆ ಎಲ್ಲರಿಗೂ ಗೊತ್ತು. ಹೋಟೆಲಿನವರು ಔತಣ ಶುರು ಮಾಡಿದ ವರ್ಷ, ಆಗ ಅಲ್ಲೇ ಅಡುಗೆಗಿದ್ದ ತಿಮಾಲೆತಿಯ ತಾಯಿ ತನ್ನ ದ್ವೀಪದ ಊರು ವುನಿವುತುವಿಗೆ ಹೋಗಿ ಕರೀ ಕಲ್ಲನ್ನು ಗೋಣಿಯಲ್ಲಿ ತುಂಬಿಸಿಕೊಂಡು ಬಂದಿದ್ದಳು. ದೋಣಿಯಲ್ಲಿ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು, ಗೋಣಿ ಜಾರದ ಹಾಗೆ ಕಾಲಲ್ಲಿ ಒತ್ತಿ ಹಿಡಿದು ತಂದದ್ದು. ಅದಕ್ಕೆ ಯಾರೂ ಒಂದು ಕಾಸು ಕೊಡಲಿಲ್ಲ. ಅವಳೂ ಕೇಳಲಿಲ್ಲ. ತಾಯಿ ಸತ್ತಳು. ಕಲ್ಲು ಉಳಿದವು. ಹೋಟೆಲಿನ ಊಟದ ಪಟ್ಟಿಯಲ್ಲಿ "ಪೂರ್ವಜರ ಕಲ್ಲಿನ ಮೇಲೆ ಬೇಯಿಸಿದ್ದು" ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾಯಿತು. ಯಾರ ಪೂರ್ವಜರು ಎಂದು ಅಚ್ಚಾಗಲಿಲ್ಲ.

ಹಿಂದಿನ ಬಾಗಿಲ ಕಾವಲುಗಾರ ಎರೊನಿ. ಬೆಟ್ಟದ ಕಡೆಯ ನಾಕೊರೊಲೆವು ಊರಿನವನು. ವುನಿವುತುವಿಗೂ ನಾಕೊರೊಲೆವುಗೂ ತೌವೂ ಸಂಬಂಧ. ಎರಡೂ ಊರಿನ ಮೂಲದೇವರು ಒಂದೇ ಬಳ್ಳಿಯವರು. ಹಾಗಾಗಿ ಆ ಊರಿನವರನ್ನು ಈ ಊರಿನವರು ಎಷ್ಟು ಬೇಕಾದರೂ ಬೈಯಬಹುದು. ಮನೆಗೆ ನುಗ್ಗಿ ಕೋಳಿ ಹಿಡಿದುಕೊಂಡು ಹೋಗಬಹುದು, ಮೈಮೇಲಿನ ಅಂಗಿ ಬಿಚ್ಚಿಸಿಕೊಳ್ಳಬಹುದು. ಕಳೆದುಕೊಂಡವನು ಹಲ್ಲು ಕಿರಿಯಬೇಕೇ ಹೊರತು ಸಿಟ್ಟಾಗುವಂತಿಲ್ಲ, ಇಲ್ಲ ಅನ್ನುವಂತಿಲ್ಲ. ಸೇಡು ತೀರಿಸಿಕೊಳ್ಳಬೇಕೆಂದರೆ ಅವನೂ ಹೋಗಿ ಇವರ ಕೋಳಿ ಹಿಡಿಯಬೇಕು.

ಪ್ರತಿ ಶುಕ್ರವಾರ ತಿಮಾಲೆತಿ ಒಳಗೆ ಬರುವಾಗ ಬಾಗಿಲಲ್ಲೇ ಶುರು.

"ಏನೋ ಮಂಗ, ಇನ್ನೂ ಬೆಟ್ಟ ಹತ್ತಿ ಓಡಿಹೋಗಲಿಲ್ವಾ? ಯೂನಿಫಾರಂ ಹಾಕ್ಕೊಂಡ್ರೆ ಬಾಲ ಮುಚ್ಚುತ್ತೆ ಅಂದ್ಕೊಂಡಿದೀಯಾ?"

"ಬಂದ್ಲಪ್ಪ ತಿಮಿಂಗಿಲ. ಪಕ್ಕಕ್ಕೆ ತಿರುಗಿಕೊಂಡು ಬಾ, ಬಾಗಿಲು ಕಿತ್ತುಹೋದ್ರೆ ನನ್ನ ಸಂಬಳದಲ್ಲಿ ಹಿಡೀತಾರೆ."

ಹೊಗೆ, ಬೆವರು, ಸುಟ್ಟ ಕೈ, ಇವೆಲ್ಲದರ ನಡುವೆ ಅವಳಿಗೆ ಆ ಬೈಗುಳವೇ ನೆರಳು. ಅವನಿಗೂ ಅಷ್ಟೇ.

ಆಮೇಲೆ ಹಾಲ್ಡೇನ್ ಎಂಬ ಹೊಸ ಮುಖ್ಯ ಅಡುಗೆಯವನು ಬಂದ. ಉಳಿದ ಊಟವೆಲ್ಲ ಕಸದ ಡಬ್ಬಿಗೆ, ಕೆಲಸದವರು ಒಂದು ತುಂಡೂ ಒಯ್ಯುವಂತಿಲ್ಲ ಎಂದು ಕಾನೂನು ಮಾಡಿದ. ತಿಮಾಲೆತಿ ಕೇಳಿಸಿಕೊಂಡಳು. ಆದರೆ ಅದು ತನಗೆ ಹೇಳಿದ್ದು ಎಂದು ಅವಳಿಗೆ ಅನ್ನಿಸಲೇ ಇಲ್ಲ. ಅವಳ ಮೈಯಲ್ಲಿದ್ದದ್ದು ಬೇರೆ ಕಾನೂನು. ಔತಣಕ್ಕೆ ಬೇಯಿಸಿದವಳು, ಬಾರದೆ ಉಳಿದವರಿಗೆ ಎಲೆಯಲ್ಲಿ ಕಟ್ಟಿಕೊಂಡು ಹೋಗಬೇಕು. ಖಾಲಿ ಕೈಯಲ್ಲಿ ಹೋದರೆ ಔತಣ ಕೊಟ್ಟವನಿಗೆ ಅವಮಾನ. ಇಷ್ಟು ದೊಡ್ಡ ಹೋಟೆಲಿಗೆ ಅವಮಾನ ಮಾಡಬಾರದಲ್ಲ? ಮನೆಯಲ್ಲಿ ರಾಮರಾಜಿ ಜ್ವರ ಬಂದು ಮಲಗಿದ್ದಳು. ಅವಳಿಗೆಂದು ಒಂದು ಗೆಡ್ಡೆ, ಒಂದು ಮೀನಿನ ತುಂಡು ಕಟ್ಟಿ ಚೀಲಕ್ಕೆ ಹಾಕಿಕೊಂಡಳು. ಮುಚ್ಚಿಡಲೂ ಇಲ್ಲ. ಎಲೆಯ ತುದಿ ಚೀಲದಿಂದ ಹೊರಗೆ ಚಾಚಿಕೊಂಡೇ ಇತ್ತು.

ಹಾಲ್ಡೇನ್ ಬಾಗಿಲಲ್ಲಿ ನಿಂತಿದ್ದ. "ಸುರಿ," ಎಂದ ಎರೊನಿಗೆ.

ಎರೊನಿ ತಿಮಾಲೆತಿಯ ಮುಖ ನೋಡಲಿಲ್ಲ. ಚೀಲ ತೆಗೆದುಕೊಂಡ. ಸುರಿದ. ಜಲ್ಲಿಕಲ್ಲಿನ ಮೇಲೆ ಅವಳ ಬಾಚಣಿಗೆ ಬಿತ್ತು, ಒಳಲಂಗ ಬಿತ್ತು, ಬಸ್ಸಿನ ಚಿಲ್ಲರೆ ಬಿತ್ತು, ಎಲೆ ಬಿಚ್ಚಿ ಮೀನು ಬಿತ್ತು. ಸಾಲಿನಲ್ಲಿದ್ದ ಹೆಂಗಸರೆಲ್ಲ ನೋಡಿದರು. ತೋಟದವರು ನೋಡಿದರು. ಹಾಲ್ಡೇನ್ ಕಳ್ಳಿ ಅಂದ. ಎತ್ತಿ ಡಬ್ಬಿಗೆ ಹಾಕು ಅಂದ.

ತಿಮಾಲೆತಿ ಬಗ್ಗಿದಳು. ಗೆಡ್ಡೆ ಎತ್ತಿಕೊಂಡಳು, ಮೀನು ಎತ್ತಿಕೊಂಡಳು, ಎಲೆಯ ಮೇಲಿಟ್ಟಳು. ಆಮೇಲೆ ಅಲ್ಲೇ, ಬಾಗಿಲ ನಟ್ಟನಡುವೆ, ಜಲ್ಲಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು. ಒಂದು ಹರಳು ಕಲ್ಲು ಉಗಿದು ತಿನ್ನತೊಡಗಿದಳು. ನಿಧಾನಕ್ಕೆ. ಮುಳ್ಳು ಬಿಡಿಸಿಕೊಂಡು.

"ಏಳು," ಎಂದ ಹಾಲ್ಡೇನ್.

"ಇದು ನಾನು ಬೇಯಿಸಿದ್ದು," ಎಂದಳು. "ಕಸ ಅಲ್ಲ. ತಿಂದು ಏಳ್ತೀನಿ."

ಹೋಟೆಲಿನ ವಾಹನವೊಂದು ಒಳಗೆ ಬರಲಾಗದೆ ಹಾರನ್ ಹೊಡೆಯುತ್ತ ನಿಂತಿತು. ಅವಳು ಪೂರ್ತಿ ತಿಂದಳು. ಎಲೆ ಮಡಚಿದಳು. ಎದ್ದು ಹೋದವಳು ಮತ್ತೆ ಕೆಲಸಕ್ಕೆ ಬರಲಿಲ್ಲ. ಅಲ್ಲೇ ಕೆಲಸಕ್ಕಿದ್ದ ಉನೈಸಿಯೂ ಅಂದೇ ಏಪ್ರನ್ ಬಿಚ್ಚಿ ಬೇಲಿಗೆ ತೂಗುಹಾಕಿ ಬಂದಳು. ಮಾರನೆಯ ದಿನ ಹಿಂದಿನ ಬಾಗಿಲಲ್ಲಿ ತಿಮಾಲೆತಿಯ ಫೋಟೋ ಅಂಟಿಸಿದರು. ಒಳಗೆ ಬಿಡಬಾರದವರ ಸಾಲಿನಲ್ಲಿ ಮೊದಲನೆಯದು.

"ಫೋಟೋ ಚೆನ್ನಾಗಿ ಬಂದಿದೆ ಕಣೇ," ಎಂದು ಉನೈಸಿ ಸಮಾಧಾನ ಹೇಳಿದಳು. "ಗಲ್ಲ ಒಂದು ಕಮ್ಮಿ ಕಾಣುತ್ತೆ."

ಅಡುಗೆ ಗುತ್ತಿಗೆಯ ಮಾತು ಹುಟ್ಟಿದ್ದು ಅವತ್ತು ರಾತ್ರಿಯಲ್ಲ, ರಾಮರಾಜಿಯ ಜ್ವರ ಬಿಟ್ಟ ಬೆಳಿಗ್ಗೆ, ಮೂವರೂ ಬಟ್ಟೆ ಒಗೆಯುವಾಗ. ಹೆಸರು ಇಡುವುದಕ್ಕೇ ಒಂದು ವಾರ ಜಗಳ. ಉನೈಸಿ "ಕಳ್ಳಿಯರ ಅಡುಗೆಮನೆ" ಅನ್ನಬೇಕು ಅಂತ ಹಟ ಹಿಡಿದಳು. ಜನ ನೋಡುವುದಕ್ಕಾದರೂ ಬರುತ್ತಾರೆ ಅನ್ನುವುದು ಅವಳ ವಾದ. ರಾಮರಾಜಿ ದೇವರ ಹೆಸರು ಬೇಕು ಅಂದಳು. ಯಾರ ದೇವರು ಅನ್ನುವಲ್ಲಿ ಮಾತು ನಿಂತಿತು. ತಿಮಾಲೆತಿ ಮಾತ್ರ ಒಂದೇ ಮಾತು ಹೇಳುತ್ತಿದ್ದಳು. "ಮೊದಲು ಕಲ್ಲು. ಅಮ್ಮನ ಕಲ್ಲು ಆ ನಾಯಿಯ ಗುಂಡೀಲಿ ಇರೋ ತನಕ ನನಗೆ ಅನ್ನ ಇಳಿಯಲ್ಲ."

ಎರೊನಿಯ ಪಾಡು ಬೇರೆ. ಚೀಲ ಸುರಿದ ದಿನದಿಂದ ತಿಮಾಲೆತಿ ಅವನನ್ನು ಬೈಯಲಿಲ್ಲ. ಮಾರುಕಟ್ಟೆಯಲ್ಲಿ ಎದುರಾದರೆ "ಚೆನ್ನಾಗಿದೀರಾ" ಎಂದು ಮರ್ಯಾದೆಯಿಂದ ಕೇಳಿ ಮುಂದೆ ಹೋಗುತ್ತಿದ್ದಳು. ತೌವೂ ಆದವನಿಗೆ ಬಹುವಚನದ ಮರ್ಯಾದೆ ಕೊಟ್ಟರೆ ಮುಖಕ್ಕೆ ಮಣ್ಣು ಹಾಕಿದ ಹಾಗೆ. ಎರೊನಿ ಒಂದು ಸಲ ಬೇಕೆಂದೇ ಅವಳ ಬುಟ್ಟಿಗೆ ಡಿಕ್ಕಿ ಹೊಡೆದ. ಗೆಡ್ಡೆಗಳು ಉರುಳಿದವು. ಅವಳು ಒಂದೊಂದೇ ಎತ್ತಿಕೊಂಡು "ಪರವಾಗಿಲ್ಲ" ಎಂದಳು. ಆ ಪರವಾಗಿಲ್ಲ ಕೇಳಿ ಅವನಿಗೆ ಅವತ್ತು ಊಟ ಸೇರಲಿಲ್ಲ.

ಗುರುವಾರ ಮಧ್ಯಾಹ್ನ ಮೂವರೂ ಹೊರಟರು. ಕದಿಯಲು ಹೋಗುವವರ ಹಾಗಲ್ಲ. ಚರ್ಚಿಗೆ ಹೋಗುವ ಉದ್ದ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ, ಹೂವು ಮುಡಿದು, ತೆಂಗಿನ ಗರಿಯ ಬುಟ್ಟಿಗಳನ್ನು ಹೆಗಲಿಗೆ ಹಾಕಿಕೊಂಡು. ರಾಮರಾಜಿ ಮದುವೆಯ ಸೀರೆ ಉಟ್ಟಿದ್ದಳು.

ಹಿಂದಿನ ಬಾಗಿಲಲ್ಲಿ ಎರೊನಿ. ಅವನ ತಲೆಯ ಪಕ್ಕದಲ್ಲೇ ಗೋಡೆಗೆ ತಿಮಾಲೆತಿಯ ಫೋಟೋ. ಅವನು ಫೋಟೋ ನೋಡಿದ, ಅವಳನ್ನು ನೋಡಿದ.

ತಿಮಾಲೆತಿ ಸೊಂಟದ ಮೇಲೆ ಕೈಯಿಟ್ಟಳು. "ಏನೋ ಬೆಟ್ಟದ ಮಂಗ," ಎಂದಳು. "ನನ್ನ ಒಳಲಂಗ ಬೀದಿಗೆ ಸುರಿದ ಕೈ ಇನ್ನೂ ಕೊಳೆತು ಬೀಳಲಿಲ್ವಾ?"

ಎರೊನಿಯ ಕಣ್ಣು ತುಂಬಿದವು. ಯೂನಿಫಾರಮ್ಮಿನ ತೋಳಿನಲ್ಲೇ ಒರೆಸಿಕೊಂಡ. "ಬಂದ್ಯಾ ತಿಮಿಂಗಿಲ," ಎಂದ. ದನಿ ಒಡೆದಿತ್ತು. "ಎಲ್ಲಿ ಸತ್ತುಹೋಗಿದ್ದೆ ಇಷ್ಟು ದಿನ?"

"ಬಾಗಿಲು ತೆಗಿ."

"ನೋಡು, ನಿನ್ನ ಮೂತಿ ಇಲ್ಲಿ ಅಂಟಿಸಿದಾರೆ. ತೆಗೆದ್ರೆ ನನ್ನ ಕೆಲಸ ಹೋಗುತ್ತೆ."

"ನಾನೇನು ಹೋಟೆಲ್‌ನವರನ್ನ ಕೇಳಿದ್ನಾ? ನನ್ನ ತೌವೂನ ಕೇಳ್ತಿದೀನಿ. ಅಮ್ಮನ ಕಲ್ಲು ಬೇಕು. ಇಲ್ಲ ಅಂತೀಯಾ?"

ಎರೊನಿ ಇಲ್ಲ ಅನ್ನಲಿಲ್ಲ. ಅನ್ನಲು ಬರುತ್ತಿರಲಿಲ್ಲ. ಗೋಡೆಯಿಂದ ಅವಳ ಫೋಟೋ ಕಿತ್ತು, ಮಡಚಿ ಜೇಬಿಗೆ ಹಾಕಿಕೊಂಡು, ಬಾಗಿಲಿನ ಎರಡೂ ಕದ ಹಾರುಹೊಡೆದು ತೆರೆದ.

ಕಲ್ಲು ಹೊರುವುದು ಹೇಳಿದಷ್ಟು ಸುಲಭವಲ್ಲ. ಬುಟ್ಟಿಗೆ ಐದಾರು ಕಲ್ಲು ಬಿದ್ದರೆ ಸಾಕು, ಹಗ್ಗ ಹೆಗಲನ್ನು ಕೊಯ್ಯುತ್ತದೆ. ಬೆನ್ನುಮೂಳೆ ಒಂದೊಂದೇ ಮಾತಾಡುತ್ತದೆ. ಗುಂಡಿಯಿಂದ ಬಾಗಿಲಿಗೆ, ಬಾಗಿಲಿಂದ ರಸ್ತೆ ಬದಿಗೆ, ಮತ್ತೆ ಗುಂಡಿಗೆ. ಚರ್ಚಿನ ಅಂಗಿ ಮಸಿಯಾಯಿತು. ರಾಮರಾಜಿಯ ಮದುವೆ ಸೀರೆಯ ಸೆರಗು ಹರಿಯಿತು. ಉನೈಸಿ ಹೋಗುತ್ತ ಬರುತ್ತ ಬೈಯುತ್ತಿದ್ದಳು, ಕಲ್ಲನ್ನಲ್ಲ, ಇಷ್ಟು ಕಲ್ಲು ತಂದ ಸತ್ತ ಮುದುಕಿಯನ್ನು. ಬೇಲಿಯ ಹಿಂದೆ ಮರುದಿನದ ಔತಣಕ್ಕೆ ತೆಂಗಿನಕಾಯಿ ತುರಿಯುತ್ತಿದ್ದ ಹೆಂಗಸರು ನೋಡಿದರು. ಮೊದಲು ಒಬ್ಬಳು ಎದ್ದಳು. ಆಮೇಲೆ ತುರಿಮಣೆಗಳೆಲ್ಲ ಖಾಲಿ. ಕಲ್ಲು ಕೈಯಿಂದ ಕೈಗೆ ಬಾಗಿಲ ಕಡೆಗೆ ಹೊರಟವು. ಯಾರೋ ಚರ್ಚಿನ ಹಾಡು ಎತ್ತಿದರು. ಸುಟ್ಟ ಕೈಗಳೇ ಎಲ್ಲ. ಮಸಿ ಯಾವುದು ಚರ್ಮ ಯಾವುದು ತಿಳಿಯುತ್ತಿರಲಿಲ್ಲ.

ಹಾಲ್ಡೇನ್ ಓಡಿಬಂದ. "ನಿಲ್ಲಿಸಿ. ಇವು ಹೋಟೆಲಿನ ಸ್ವತ್ತು."

ತಿಮಾಲೆತಿ ಬುಟ್ಟಿ ಇಳಿಸಲಿಲ್ಲ. ಇಳಿಸಿದರೆ ಮತ್ತೆ ಎತ್ತಲು ಆಗುವುದಿಲ್ಲ ಎಂದು ಸೊಂಟ ಹೇಳುತ್ತಿತ್ತು. "ಎಲ್ಲಿ ಕೊಂಡ್ರಿ?" ಎಂದು ಕೇಳಿದಳು.

"ಏನು?"

"ಕಲ್ಲು. ಯಾವ ಅಂಗಡೀಲಿ ಕೊಂಡ್ರಿ? ಎಷ್ಟು ಕೊಟ್ರಿ? ನಿಮ್ಮ ಊಟದ ಪಟ್ಟೀಲೇ ಬರೆದಿದೀರಲ್ಲ ಪೂರ್ವಜರ ಕಲ್ಲು ಅಂತ. ಆ ಪೂರ್ವಜೆ ನಮ್ಮಮ್ಮ. ನಾನು ಅವಳ ಮಗಳು. ಪಕ್ಕಕ್ಕೆ ಸರೀರಿ, ಭಾರ ಇದೆ."

ಹಾಲ್ಡೇನ್ ಬಾಗಿಲ ಕಡೆ ತಿರುಗಿದ. "ಬಾಗಿಲು ಹಾಕು," ಎಂದು ಕೂಗಿದ.

"ಆಗಲ್ಲ ಸಾರ್," ಎಂದ ಎರೊನಿ. "ಅವಳು ನನ್ನ ತೌವೂ. ಬಾಗಿಲೇ ಬೇಕು ಅಂದ್ರೂ ಕಿತ್ತುಕೊಡಬೇಕು. ಅವಳು ಬರೀ ಕಲ್ಲು ಕೇಳಿದಾಳೆ, ನಿಮ್ಮ ಅದೃಷ್ಟ." ಹಾಲ್ಡೇನ್ ಬಾಯಿ ತೆರೆಯುವ ಮೊದಲೇ ಟೋಪಿ ತೆಗೆದು ಅವನ ಕೈಗೆ ಕೊಟ್ಟ. ಆಮೇಲೆ ರಸ್ತೆ ಬದಿಯ ರಾಶಿಯಿಂದ ಎಲ್ಲಕ್ಕಿಂತ ದೊಡ್ಡ ಕಲ್ಲನ್ನೆತ್ತಿ ಹೆಗಲ ಮೇಲಿಟ್ಟುಕೊಂಡ.

"ಮೆಲ್ಲಗೆ ಕಣೋ ಮಂಗ," ಎಂದಳು ತಿಮಾಲೆತಿ. "ಅದು ನಿನ್ನ ತಲೆಗಿಂತ ಬೆಲೆಬಾಳೋದು."

ಕಲ್ಲೆಲ್ಲ ಬಸ್ಸೇರಿ ಮನೆ ಸೇರಿದವು. ಶನಿವಾರ ಹೊತ್ತು ಮೂಡುವ ಮೊದಲೇ ತಗಡಿನ ಸಾಲಿನ ಮಾವಿನ ಮರದ ಕೆಳಗೆ ಗುಂಡಿ ಸಿದ್ಧವಾಯಿತು. ನೆರೆಮನೆಯವರು ತಾವಾಗಿಯೇ ಬಂದು ಸೌದೆ ಇಟ್ಟು ಹೋದರು. ಹಂದಿಯನ್ನು ಎರೊನಿ ತಂದ. ಎಲ್ಲಿಂದ ತಂದೆ ಎಂದು ಕೇಳಿದರೆ ವುನಿವುತುವಿನವರೊಬ್ಬರ ಹಟ್ಟಿಯಿಂದ ಎತ್ತಿಕೊಂಡು ಬಂದೆ, ಲೆಕ್ಕ ಸರಿಹೋಯಿತು ಎಂದ. ರಾಮರಾಜಿ ರೊಟ್ಟಿ ತಟ್ಟುತ್ತ ಕೂತಳು. ಕಬ್ಬು ಕಡಿಯುವ ಗ್ಯಾಂಗಿನ ಸರ್ದಾರ ಬಿಸೇಸರನನ್ನು ಅವಳೇ ಊಟಕ್ಕೆ ಕರೆದಿದ್ದಳು. ಅವಳ ಗಂಡ ಹೊಲ ಹೋದ ಮೇಲೆ ಕಬ್ಬು ಕಡಿದದ್ದು ಅವನ ಗ್ಯಾಂಗಿನಲ್ಲೇ.

ಸಮಿತಿಯ ಕಾರು ಬಂತು. ಪೌಲಿಯಾಸಿ, ಕನ್ನಡಕ ಹಾಕಿದ ಒಬ್ಬ ಹೆಂಗಸು, ಫೈಲು ಹಿಡಿದ ಒಬ್ಬ ಮುದುಕ. ಪೌಲಿಯಾಸಿಯ ಮುಖ ಸರಿಯಿರಲಿಲ್ಲ. ಚಾಪೆಯ ಮೇಲೆ ಕೂತವನು ಪಿಸುಮಾತಿನಲ್ಲಿ ಹೇಳಿದ. "ಹೋಟೆಲಿಂದ ಫೋನ್ ಬಂದಿತ್ತು. ನಮ್ಮ ನಿಧಿಗೆ ಅವರೇ ದೊಡ್ಡ ದಾನಿಗಳು. ಕಲ್ಲು ವಾಪಸ್ ಕೊಟ್ರೆ ಪೊಲೀಸಿಗೆ ಹೋಗಲ್ವಂತೆ. ನಿಮ್ಮನ್ನ ಮತ್ತೆ ಕೆಲಸಕ್ಕೂ ತಗೋತಾರಂತೆ. ಹಾಗಾದ್ರೆ ಸಾಲಕ್ಕೂ ತೊಂದರೆ ಇರಲ್ಲ. ನಿಧಿಯ ಹಣದಲ್ಲಿ ಪಾತ್ರೆ ತಗೊಂಡು ಅವರಿಗೇ ಅಡುಗೆ ಮಾಡಿಕೊಡಬಹುದು."

ತಿಮಾಲೆತಿ ಸಲಿಕೆ ಎತ್ತಿಕೊಂಡಳು. "ಮೊದಲು ಊಟ ಮಾಡಿ," ಎಂದಳು.

ಮಣ್ಣು ಸರಿಸಿದಳು. ಗೋಣಿ ತೆಗೆದಳು. ಎಲೆ ತೆಗೆದಾಗ ಹಬೆ ಎದ್ದು ಮಾವಿನ ಮರದ ಕೊಂಬೆ ಹಿಡಿಯಿತು. ಸಾಲಿನ ಮನೆಗಳಿಂದೆಲ್ಲ ಜನ ತಟ್ಟೆ ಹಿಡಿದು ಬಂದರು. ಮೆತ್ತಗೆ ಬಿಟ್ಟುಕೊಂಡ ಮಾಂಸ, ಹೊಗೆಯ ವಾಸನೆಯ ಗೆಡ್ಡೆ, ಕೆಸುವಿನ ಎಲೆಯಲ್ಲಿ ಗಟ್ಟಿಯಾದ ತೆಂಗಿನ ಹಾಲು, ಪಕ್ಕದಲ್ಲಿ ರಾಮರಾಜಿಯ ಮಡಚಿದ ರೊಟ್ಟಿ. ಫೈಲಿನ ಮುದುಕ ಫೈಲನ್ನು ಕೆಳಗೆ ಹಾಕಿಕೊಂಡು ಅದರ ಮೇಲೇ ಕೂತ. ಕನ್ನಡಕದ ಹೆಂಗಸು ಎರಡನೇ ಸಲ ಬಡಿಸಿಕೊಂಡಳು. ಪೌಲಿಯಾಸಿ ಟೈ ಸಡಿಲಿಸಿ ಹೆಗಲ ಹಿಂದಕ್ಕೆ ಹಾಕಿಕೊಂಡ.

ಎಲ್ಲರೂ ಕೈ ತೊಳೆದ ಮೇಲೆ ತಿಮಾಲೆತಿ ಸಮಿತಿಯ ಎದುರಿಗೆ ಬಂದು ಕೂತಳು.

"ಕಲ್ಲು ವಾಪಸ್ ಹೋಗಲ್ಲ," ಎಂದಳು. "ಪೊಲೀಸ್ ಬಂದ್ರೆ ಬರಲಿ, ಅವರಿಗೂ ಊಟ ಹಾಕ್ತೀನಿ. ಸಾಲ ಕೊಡೋದಾದ್ರೆ ನನ್ನ ಕಲ್ಲು ನೋಡಿ ಕೊಡಿ, ನನ್ನ ಕೈ ನೋಡಿ ಕೊಡಿ. ಆ ಬೇಲಿ ಹಿಂದೆ ಮತ್ತೆ ಕೂರೋದಕ್ಕೆ ನನಗೆ ಸಾಲ ಬೇಡ."

ಪೌಲಿಯಾಸಿ ತಲೆ ತಗ್ಗಿಸಿದ. "ಹೋಟೆಲಿನವರನ್ನ ಎದುರು ಹಾಕ್ಕೊಂಡು ಸಾಲ ಕೊಡೋ ಅಧಿಕಾರ ನನಗಿಲ್ಲ ತಿಮಾಲೆತಿ."

"ಗೊತ್ತಾಯ್ತು ಬಿಡಪ್ಪ." ಅವಳು ಎದ್ದು ನಿಂತಳು. "ಹಾಗಾದ್ರೆ ತಟ್ಟೆಗೆ ಹದಿನೈದು ಡಾಲರ್."

"ಅಂದ್ರೆ?"

"ಊಟದ ದುಡ್ಡು. ಇಷ್ಟು ವರ್ಷ ಬೇಲಿ ಹಿಂದೆ ಕೂತು ಬೇಯಿಸಿದೆ. ಯಾರು ತಿಂದ್ರು ಅಂತ ನಾನು ನೋಡಲಿಲ್ಲ, ಯಾರು ಬೇಯಿಸಿದ್ರು ಅಂತ ಅವರು ನೋಡಲಿಲ್ಲ. ಇವತ್ತು ನೀವು ತಿಂದಿದ್ದು ನೋಡಿದೀನಿ. ಸಾಲ ಕೊಡೋರಾಗಿದ್ರೆ ನೆಂಟರು ಅಂತಿದ್ದೆ. ಕೊಡಲ್ಲ ಅಂದ್ರಲ್ಲ, ಈಗ ನೀವು ಗಿರಾಕಿಗಳು. ಈ ಅಮ್ಮ ಎರಡು ಸಲ ಬಡಿಸಿಕೊಂಡ್ರು, ಹೋಗ್ಲಿ, ಅದಕ್ಕೆ ಬೇರೆ ತಗೊಳಲ್ಲ."

ಕನ್ನಡಕದ ಹೆಂಗಸು ಮೊದಲು ಪರ್ಸು ತೆಗೆದಳು. "ಎರಡು ತಟ್ಟೆಗೂ ತಗೋ," ಎಂದಳು. ಮುದುಕ ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಜೇಬು ಹುಡುಕಿದ. ಪೌಲಿಯಾಸಿ ಕೆಂಪಗಾಗಿ, ಆಮೇಲೆ ನಗಲು ಶುರುಮಾಡಿ, ನೋಟು ಕೊಟ್ಟ.

ಉನೈಸಿ ಇದೇ ಗಳಿಗೆಗೆ ಕಾದವಳ ಹಾಗೆ ಮರದ ಕೆಳಗೆ ಹೊಸ ಚಾಪೆ ಹಾಸಿದಳು. ಚರ್ಚಿನಲ್ಲಿ ಕಾಣಿಕೆ ಎತ್ತುವಾಗ ಹಾಸುವಂಥದೇ. "ತಿಂದು ಬಾಯಿ ಒರೆಸಿಕೊಂಡು ಮೆಲ್ಲಗೆ ಜಾರೋರೆಲ್ಲ ಈ ಕಡೆ ಬನ್ನಿ," ಎಂದು ಕೂಗಿದಳು. "ಒಬ್ಬೊಬ್ಬರ ಹೆಸರೂ ಹಿಡಿದು ಕರೀತೀನಿ. ಬಚ್ಚಿಟ್ಟುಕೊಂಡವರ ಹೆಸರು ಎರಡು ಸಲ ಕರೀತೀನಿ." ಜನ ನಗುತ್ತ, ಕುಣಿಯುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಚಾಪೆಯ ಮೇಲೆ ಚಿಲ್ಲರೆ ಹಾಕಿದರು, ನೋಟು ಹಾಕಿದರು. ಒಬ್ಬಳು ಒಂದು ಕೋಳಿಯನ್ನೇ ತಂದು ಕಟ್ಟಿದಳು.

ಕೊನೆಗೆ ಬಿಸೇಸರ್ ಎದ್ದ. ಮಾತು ಕಮ್ಮಿಯ ಮನುಷ್ಯ. ಕೈಯಲ್ಲಿ ಕತ್ತಿಯ ಗುರುತುಗಳು. "ನಮ್ಮ ಹುಡುಗರು ಸೀಸನ್ ಪೂರ್ತಿ ಒಣ ಬಿಸ್ಕತ್ತು ತಿಂದು ಕಬ್ಬು ಕಡೀತಾರೆ," ಎಂದ. "ಗ್ಯಾಂಗಿನ ದುಡ್ಡು ಸ್ವಲ್ಪ ಇದೆ. ನಿನ್ನೆ ಎಲ್ಲರೂ ಕೂತು ಮಾತಾಡಿದೀವಿ. ಸೋಮ್ವಾರದಿಂದ ಮಧ್ಯಾಹ್ನದ ಊಟ ನಿಮ್ದು. ಇದು ಮುಂಗಡ." ಒಂದು ಕಟ್ಟನ್ನು ಚಾಪೆಯ ಮೇಲಿಟ್ಟ.

ತಿಮಾಲೆತಿ ಕಟ್ಟನ್ನು ಮುಟ್ಟಲಿಲ್ಲ. "ಅಡ ಏನು ಇಟ್ಕೋತೀಯಾ?"

"ಅಡ ಯಾಕೆ? ಹೊಟ್ಟೆ ಹಸಿದ್ರೆ ನಾವೇ ಬಂದು ಬಾಗಿಲು ಬಡೀತೀವಿ."

ರಾಮರಾಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಚಾಪೆಯ ದುಡ್ಡು ವ್ಯಾನಿಗೆ ಸಾಲುವಂತಿರಲಿಲ್ಲ. ಪಾತ್ರೆಗೆ ಸಾಕಾಯಿತು, ಪರವಾನಗಿಗೆ ಸಾಕಾಯಿತು. ಪಾತ್ರೆ ಹೊರಲು ಗ್ಯಾಂಗಿನ ಕಬ್ಬಿನ ಲಾರಿಯೇ ಬರುತ್ತದೆ ಎಂದಾಯಿತು. "ಮೂರು ಜೊತೆ ಕಾಲಿಗೆ ರಜಾ ಸಿಕ್ತು," ಎಂದಳು ಉನೈಸಿ.

ಸಮಿತಿಯ ಕಾರು ಹೊರಟಿತು. ಸಾಲಿನ ತುದಿಯಲ್ಲಿ, ಎರಡು ಎಣ್ಣೆ ಡಬ್ಬಗಳ ಮೇಲೆ ಬಿದಿರು ಅಡ್ಡ ಹಾಕಿಕೊಂಡು ಎರೊನಿ ನಿಂತಿದ್ದ. ಟೋಪಿ ಇಲ್ಲ. ಕೈ ಎತ್ತಿ ಕಾರು ನಿಲ್ಲಿಸಿದ.

"ಚೀಲ ತೆಗೀರಿ ಸಾರ್."

ಪೌಲಿಯಾಸಿ ತಬ್ಬಿಬ್ಬಾದ. "ಯಾಕೆ?"

"ತಪಾಸಣೆ."

ಪೌಲಿಯಾಸಿ ಕೈಚೀಲ ತೆರೆದು ತೋರಿಸಿದ. ಎರೊನಿ ಬಗ್ಗಿ ಒಳಗೆ ನೋಡಿದ. ಕಾಗದ ಸರಿಸಿ ಮೂಲೆಮೂಲೆ ಹುಡುಕಿದ. ಆಮೇಲೆ ತಲೆಯೆತ್ತಿ ಗುಂಡಿಯ ಕಡೆಗೆ ಕೂಗಿದ.

"ಏ ತಿಮಿಂಗಿಲ, ಸಿಕ್ಕಿಬಿದ್ರು ಕಣೇ. ಚೀಲ ಖಾಲಿ."

ತಿಮಾಲೆತಿ ಮಸಿ ಕೈಯಲ್ಲೇ ನಡೆದು ಬಂದಳು. ಎಲೆಯಲ್ಲಿ ಕಟ್ಟಿದ ಪೊಟ್ಟಣಗಳು, ಮೂವರಿಗೆ ಮೂರು, ಇನ್ನೂ ಬಿಸಿ. "ಮನೇಲಿರೋರಿಗೆ," ಎಂದು ಒಂದೊಂದನ್ನೂ ಅವರ ಕೈಗೆ ಕೊಟ್ಟಳು. ಪೌಲಿಯಾಸಿ ಮತ್ತೆ ಪರ್ಸಿಗೆ ಕೈ ಹಾಕಿದ.

"ಇದಕ್ಕೆ ದುಡ್ಡಿಲ್ಲ," ಎಂದಳು ತಿಮಾಲೆತಿ. "ಇದು ಮರ್ಯಾದೆ."

ಎರೊನಿ ಪೌಲಿಯಾಸಿಯ ಪೊಟ್ಟಣವನ್ನು ಅವನ ಚೀಲದೊಳಗೆ ಒತ್ತಿ ಇಟ್ಟ. ಎಲೆಯ ತುದಿ ಎಲ್ಲರಿಗೂ ಕಾಣುವಂತೆ ಹೊರಗೆ ಎಳೆದುಬಿಟ್ಟ. ಆಮೇಲೆ ಬಿದಿರು ಎತ್ತಿದ.

"ಈಗ ಹೋಗಿ ಸಾರ್," ಎಂದ.